ಕಾಲೆ ಪಾಣಿ ನಹಿ ಮಳೆ

ಹವೆಯ ವಿಚಾರ ಎತ್ತುವವರಿಗೆ ಬೇರೆ ಮಾತಿಗೆ ಗತಿಯಿಲ್ಲ ಎಂದು ಒಂದು ಕಾಲದಲ್ಲಿ ನಾನು ನಗುತ್ತಿದ್ದೆ. ತುಮಕೂರಿನಿಂದ ಬರೋಡಕ್ಕೆ ವರ್ಗವಾಗಿ ಬಂದ ಮೇಲೆ ನನಗೇ ಬೇರೆ ಮಾತು ಉಳಿಯಲಿಲ್ಲ. ನಮ್ಮ ಕಡೆ ಕಾಲಗಳು ಮೂರು. ಇಲ್ಲಿಯೂ ಮೂರೇ ಎಂದು ವಿಮಾ ಕಚೇರಿಯ ಸಹೋದ್ಯೋಗಿಗಳು ಹೇಳಿದ್ದರು. ನಾನು ಕಂಡಂತೆ ಅವು ಬಿಸಿಲು, ಮೋಡ ಮುಸುಕಿದ ಬಿಸಿಲು ಮತ್ತು ಮಳೆ ನಿಂತ ಮೇಲಿನ ಬಿಸಿಲು. ನಡುವೆ ಸಂಕ್ರಾಂತಿಯ ಆಸುಪಾಸು ಹದಿನೈದು ದಿನ ಚಳಿ ಬಂದುಹೋಗುತ್ತದೆ. ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಹರವುವಷ್ಟರಲ್ಲಿ ಮುಗಿದಿರುತ್ತದೆ. ಮೇ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಬೆಳಿಗ್ಗೆ ಹೆಪ್ಪಿನಿಂದ ಎದ್ದ ಮೊಸರು ನಾನು ಮಕರಪುರದ ಕಚೇರಿ ಮುಟ್ಟುವುದರೊಳಗೆ ಹುಳಿಯಾಗಿರುತ್ತದೆ. ಮಧ್ಯಾಹ್ನ ಸ್ಕೂಟರಿನ ಸೀಟಿನ ಮೇಲೆ ಕೂರಲು ಒಂದು ಬಗೆಯ ವೈರಾಗ್ಯ ಬೇಕು.

ಮಂಜಲ್‌ಪುರದ ನಮ್ಮ ಬಾಡಿಗೆ ಮನೆ ಮೊದಲನೆಯ ಮಹಡಿಯದು. ತಲೆಯ ಮೇಲೆ ನೇರ ತಾರಸಿ. ಫ್ಯಾನು ಬಿಸಿಗಾಳಿಯನ್ನು ಕೋಣೆಯ ಮೂಲೆ ಮೂಲೆಗೂ ನ್ಯಾಯವಾಗಿ ಹಂಚುತ್ತಿತ್ತು. ಹೋಳಿ ಮುಗಿದ ವಾರವೇ ನನ್ನ ಹೆಂಡತಿ ವನಜಾ ತೀರ್ಪು ಕೊಟ್ಟುಬಿಟ್ಟಳು. "ನೋಡ್ರೀ, ಈ ಜೂನೊಳಗೆ ವರ್ಗ ಮಾಡಿಸ್ಕೊಳ್ಳಿ. ಆಗಲ್ಲ ಅಂದ್ರೆ ನಾನೂ ಶುಭಾನೂ ತುಮಕೂರಿಗೆ ಹೊರಟ್ವಿ. ಅವಳನ್ನ ಅಲ್ಲೇ ಸ್ಕೂಲಿಗೆ ಹಾಕ್ತೀನಿ. ನೀವು ಇಲ್ಲೇ ಬೇಯ್ತಾ ಇರಿ." ಅವಳು ಕೂಗಾಡಿದ್ದರೆ ನಾನು ಹೆದರುತ್ತಿರಲಿಲ್ಲ. ತೀರ ದಣಿದ ದನಿಯಲ್ಲಿ ಹೇಳಿದ್ದರಿಂದ ಹೆದರಿದೆ. ಅರ್ಜಿ ಬರೆದು ಕೊಟ್ಟೆ.

ಶುಭಾ ನಮ್ಮ ಮಗಳು, ಏಳು ವರ್ಷ. ಶಾಲೆಗೆ ಸೇರಿ ವರ್ಷ ತುಂಬುವುದರೊಳಗೆ ಗುಜರಾತಿಯನ್ನು ನೀರು ಕುಡಿದಂತೆ ಕಲಿತು, ಅಷ್ಟೇ ಸಲೀಸಾಗಿ ಕನ್ನಡವನ್ನು ಮರೆಯತೊಡಗಿದ್ದಳು. ಅದಕ್ಕೇ ನಾನೊಂದು ಕಾನೂನು ಮಾಡಿದ್ದೆ: ಮನೆಯೊಳಗೆ ಕನ್ನಡ ಮಾತ್ರ. ತಪ್ಪಿದವರು ಅಕ್ಷರಮಾಲೆಯನ್ನು ಅ ಇಂದ ಳ ವರೆಗೆ ಒಮ್ಮೆ ಬರೆಯಬೇಕು. ತಪ್ಪುವವಳು ಅವಳೊಬ್ಬಳೇ ಆದ್ದರಿಂದ ಕಾನೂನು ನನಗೆ ಬಹಳ ಹಿಡಿಸಿತ್ತು.

ಗುಜರಾತಿ ನನಗೂ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಿಂದಿಯವರ ಬಾಯಲ್ಲಿ ಹೊರಡದ ಳಕಾರ ಇವರ ಬಾಯಲ್ಲಿ ಸಲೀಸಾಗಿ ಹೊರಡುವುದನ್ನು ಕೇಳಿ ಮನಸ್ಸು ತುಂಬಿ ಬಂದಿತ್ತು. ಅದರಲ್ಲೂ ಅಂಗಡಿ, ಕಚೇರಿ, ಬಸ್ಸು ಎಲ್ಲೆಲ್ಲೂ ಇವರು 'ಮಳೆ' 'ಮಳೆ' ಎನ್ನುತ್ತಿದ್ದರು. ಪಾಪ, ಮಳೆಗಾಗಿ ಎಷ್ಟು ಹಂಬಲಿಸುತ್ತಾರೆ ಎಂದುಕೊಂಡೆ. ಯುಗಾದಿಗೆ ಕನ್ನಡಿಗರೆಲ್ಲ ಸೇರಿದ್ದಾಗ, ಮಳೆ ಎಂಬ ಪದ ಈ ಒಣನಾಡಿಗೆ ನಮ್ಮಿಂದಲೇ ಬಂದಿರಬೇಕೆಂದು ಹತ್ತು ನಿಮಿಷ ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು. ಅಲ್ಲಿದ್ದ ಹಳಬರು ಯಾಕೆ ಅಷ್ಟೊಂದು ನಗುಮುಖದಿಂದ ಚಪ್ಪಾಳೆ ತಟ್ಟಿದರೆಂದು ಆಗ ಹೊಳೆಯಲಿಲ್ಲ.

ಜೂನ್ ಬಂತು, ವರ್ಗದ ಆದೇಶ ಬರಲಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಸೆಕೆಯನ್ನಷ್ಟೇ ಕೊಟ್ಟು ಚದುರಿಹೋಗುತ್ತಿತ್ತು. ವನಜಾಗೆ ಸಂಡಿಗೆಯ ಕೊನೆಯ ಕಂತು ಬಾಕಿ ಇತ್ತು. "ನಾಳೆ ಇಟ್ಕೊಳ್ಳೋಣ ಅಂತಿದೀನಿ. ಮಳೆ ಬರತ್ತೇನ್ರೀ?" ಎಂದಳು. ಹಾಲು ತರಲೆಂದು ನಾನು ಕೆಳಗಿಳಿದಾಗ ಮನೆಯ ಒಡತಿ ಶಾರದಾಬೆನ್ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕರೆದು, ಒಂದೊಂದೇ ಪದ ಬಿಡಿಸಿ ಹೇಳಿದರು: "ಭಾಯ್, ಕಾಲೆ ಪಾಣಿ ನಹಿ ಮಳೆ." ಕಾಲೆ ಎಂದರೆ ನಾಳೆ. ಪಾಣಿ ನೀರು. ನಹಿ ಎಂದರೆ ಇಲ್ಲ. ಮಳೆಗೆ ಅರ್ಥ ಹೇಳಬೇಕೆ? ನಾನು ಸಂತೋಷದಿಂದ "ಬಹುತ್ ಅಚ್ಛಾ!" ಎಂದೆ. ಆಕೆ ನನ್ನನ್ನೇ ನೋಡುತ್ತ ನಿಂತರು. ಮೇಲೆ ಬಂದು, ನಾಳೆ ಒಂದು ಹನಿಯೂ ಬೀಳುವುದಿಲ್ಲವೆಂದು ಊರಿನವರೇ ಖಾತ್ರಿ ಕೊಟ್ಟಿದ್ದಾರೆ, ಧೈರ್ಯವಾಗಿ ಇಡು ಎಂದೆ.

ಹವಾಮಾನ ವರದಿ ಪೂರ್ತಿ ನಿಜವಾಯಿತು. ಮಾರನೆಯ ದಿನ ಒಂದು ಹನಿಯೂ ಬೀಳಲಿಲ್ಲ, ನಲ್ಲಿಯಿಂದ ಕೂಡ. ತಾರಸಿಯ ಮೇಲೆ ನಾಲ್ಕು ಸೀರೆಯಷ್ಟು ಸಂಡಿಗೆ ಇಟ್ಟು ಕೆಳಗಿಳಿದ ವನಜಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಲ್ಲಿಯ ಮುಂದೆ ನಿಂತಿದ್ದಳು. ಮನೆಯಲ್ಲಿ ಒಂದು ಚೊಂಬು ನೀರೂ ಹಿಡಿದಿಟ್ಟಿರಲಿಲ್ಲ. ಓಡಿಹೋಗಿ ಕೇಳಿದರೆ ಶಾರದಾಬೆನ್ ಹಣೆ ಚಚ್ಚಿಕೊಂಡು, "ಮೇಂ ತೋ ಕಹ್ಯುಂ ಹತುಂ ನೇ!" ಎಂದರು. ಆಕೆ ಹೇಳಿದ್ದರಂತೆ, ಬೋರಿನ ಮೋಟಾರು ರಿಪೇರಿಗೆ ಹೋಗಿತ್ತಂತೆ. ಹಿಂದೆಯೇ ಬಂದಿದ್ದ ಶುಭಾ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಪ್ಪಾ, ಮಳೆ ಮೀನ್ಸ್ ಸಿಗತ್ತೆ! ನಹಿ ಮಳೆ ಮೀನ್ಸ್ ಸಿಗಲ್ಲ! ನಾಳೆ ಪಾಣಿ ಸಿಗಲ್ಲ ಅಂದಿದ್ದು ಬೆನ್!"

ಹಾಗಾದರೆ ಒಂದು ವರ್ಷದಿಂದ ಈ ಊರಿನಲ್ಲಿ ಯಾರೂ ಮಳೆಯ ಮಾತೇ ಎತ್ತಿರಲಿಲ್ಲ. ನನ್ನ ಯುಗಾದಿಯ ಭಾಷಣ ನೆನಪಾಗಿ ಆ ಸೆಕೆಯಲ್ಲೂ ಮೈ ತಣ್ಣಗಾಯಿತು. ವನಜಾ ಬೈಯಲಿಲ್ಲ. ಒಣಗಿ ಬಿರಿಯುತ್ತಿದ್ದ ಹಿಟ್ಟನ್ನು ಕೈಯಿಂದ ಕೆರೆಯುತ್ತ, "ಅಣ್ಣಂಗೆ ಬರೀತೀನಿ, ಸ್ಕೂಲ್ ವಿಚಾರಿಸು ಅಂತ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಮ್ಯಾನೇಜರ್ ಸಾಹೇಬರ ಕೋಣೆಗೆ ಹೋಗಿ, ಮಗಳಿಂದ ಪಾಠ ಮಾಡಿಸಿಕೊಂಡ ಗುಜರಾತಿಯಲ್ಲೇ ನನ್ನ ವರ್ಗದ ವಿಷಯ ಕೇಳಿದೆ. ಅವರು ಕಡತ ತಿರುವಿ, ಕನಿಕರದಿಂದ ತಲೆಯಾಡಿಸಿದರು. "ಆ ವರ್ಷೆ ನಹಿ ಮಳೆ." ಈ ವರ್ಷ ಸಿಗುವುದಿಲ್ಲ. ಅವರು ಅಷ್ಟು ಹೇಳಿ ಬಾಯಿ ಮುಚ್ಚಿದರೋ ಇಲ್ಲವೋ, ಕಿಟಕಿಯ ತಗಡಿನ ಮೇಲೆ ಕಲ್ಲು ಸುರಿದಂತೆ ಸದ್ದಾಯಿತು. ಇಡೀ ಕಚೇರಿ ಎದ್ದು ವರಾಂಡಕ್ಕೆ ಓಡಿತು. ನಾನು ಕುರ್ಚಿಯಲ್ಲೇ ಕೂತಿದ್ದೆ. ತುಮಕೂರಿನ ರೈಲಿನಲ್ಲಿ ಇಬ್ಬರನ್ನೂ ಹತ್ತಿಸಿ, ಬೀಗ ತೆಗೆದು ಒಬ್ಬನೇ ಒಳಗೆ ಬರುವುದನ್ನು ನೆನೆಯುತ್ತಿದ್ದೆ.

ತೊಯ್ದು ತೊಪ್ಪೆಯಾಗಿ ಮನೆ ಮುಟ್ಟಿದಾಗ ವನಜಾ ಬಾಲ್ಕನಿಯಲ್ಲಿ ಎರಡೂ ಕೈ ಹೊರಗೆ ಚಾಚಿ ನಿಂತಿದ್ದಳು. ನನ್ನ ಮುಖ ನೋಡಿ, "ಏನಂದ್ರು?" ಎಂದಳು. ಕನ್ನಡದಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

"ನಹಿ ಮಳೆ" ಎಂದೆ.

ಅವಳು ಅಂಗೈಯ ನೀರನ್ನು ನನ್ನ ಮುಖಕ್ಕೆ ಎರಚಿ, "ಕಣ್ಣು ಕಾಣಲ್ವೇನ್ರೀ? ಹಿಂಗೆ ಸುರೀತಿದೆ, ಇನ್ನೆಷ್ಟು ಬೇಕು?" ಎಂದಳು. ಶಿವರಾತ್ರಿಯಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು. ಟಿಕೆಟ್ ಮಾಡಿಸಲೇ ಎಂದು ಕೇಳಿದೆ. "ಈ ಮಳೇಲಿ ಯಾರ್ ಹೋಗ್ತಾರೆ? ಬರೋ ಬೇಸಿಗೆಗೆ ನೋಡೋಣ. ಬಟ್ಟೆ ಬದಲಾಯ್ಸಿ, ಸಂಡಿಗೆ ಕರೀತೀನಿ."

ಗೆದ್ದೆ ಎಂದುಕೊಂಡು ತಲೆ ಒರೆಸಿಕೊಳ್ಳುತ್ತಿದ್ದೆ. ಶುಭಾ ನೋಟ್‌ಬುಕ್ಕು ಪೆನ್ಸಿಲ್ಲು ಹಿಡಿದು ಎದುರು ಬಂದು ನಿಂತಳು. "ಅಪ್ಪಾ, ಮನೇಲಿ ಕನ್ನಡ ಮಾತ್ರ. ನೀನು ಗುಜರಾತಿ ಹೇಳ್ದೆ. ಬರಿ."

ಕೂತು ಬರೆದೆ. ಕೊನೆಗೆ ಬರುವ ಳಕಾರವನ್ನು, ಅದರ ಬಗ್ಗೆ ಏನೊಂದೂ ಮಾತಾಡದೆ, ದುಂಡಗೆ ತಿದ್ದಿ ಪುಸ್ತಕ ಒಪ್ಪಿಸಿದೆ.