ಷಡಕ್ಷರಿಯ ಅರ್ಜೆಂಟೀನಾ ಪ್ಲಾನು

ಇಷ್ಟೆಲ್ಲ ಅವಾಂತರಕ್ಕೆ ಮೂಲ ಷಡಕ್ಷರಿಯ ಮಗಳ ನೋಟ್‌ಬುಕ್ಕಿನ ಬೈಂಡು. ದೆಹಲಿಯ ರಾಯಭಾರ ಕಚೇರಿಗಳಿಗೆ ಕಾಗದ ಬರೆದರೆ ಬಣ್ಣದ ಪುಸ್ತಕ ಪುಕ್ಕಟೆ ಕಳಿಸುತ್ತಾರೆ, ಅದರ ನುಣುಪು ಹಾಳೆ ಬೈಂಡಿಗೆ ಬಲು ಚೆನ್ನ ಎಂಬುದು 1979ರಲ್ಲಿ ತುಮಕೂರಿನ ಶೆಟ್ಟಿಹಳ್ಳಿಯ ಮನೆಮನೆಗೂ ಗೊತ್ತಿತ್ತು. ಷಡಕ್ಷರಿಯೂ ಅರ್ಜೆಂಟೀನಾದವರಿಗೆ ಒಂದು ಕಾಗದ ಹಾಕಿದ. ಇಂಗ್ಲಿಷ್ ಕಾಗದವಾದ್ದರಿಂದ, ಆಫೀಸಿನಲ್ಲಿ ಟೈಪು ಬಲ್ಲ ಗುಮಾಸ್ತ ಅಂಜನಮೂರ್ತಿಯ ಕೈಲಿ ಟೈಪು ಮಾಡಿಸಿ, ಆತ ಪೆನ್ಸಿಲಿನಲ್ಲಿ ಇಂಟು ಮಾರ್ಕು ಹಾಕಿಕೊಟ್ಟ ಕಡೆ ಸೈನು ಮಾಡಿದ. ಓದಲಿಲ್ಲ. ಹದಿನಾರು ವರ್ಷದ ಸರ್ವಿಸಿನಲ್ಲಿ ಇಂಟು ಕಂಡ ಕಡೆ ಸೈನು ಹಾಕುವುದು ಅವನಿಗೆ ಆಕಳಿಕೆಯಷ್ಟೇ ಸಹಜವಾಗಿತ್ತು.

ಅವನ ಜೀವವೆಲ್ಲ ತುಮಕೂರಿನ ಆಫೀಸಿನಲ್ಲಿ ಖಾಲಿಯಾದ ಒಂದು ಸೀಟಿನ ಮೇಲಿತ್ತು. ಮನೆ ತುಮಕೂರಿನಲ್ಲಿ, ಕೆಲಸ ಕುಣಿಗಲ್ಲಿನಲ್ಲಿ; ನಾಲ್ಕು ವರ್ಷದಿಂದ ಕುಣಿಗಲ್ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತೂ ನಿಂತೂ ಕೊಕ್ಕರೆಯಾಗಿದ್ದ. ಸೀನಿಯಾರಿಟಿಯಲ್ಲಿ ಅವನೇ ಮೊದಲು. ವರ್ಗದ ಆರ್ಡರಿಗೆ ಸಾಹೇಬರು ಇವತ್ತು ಸಂಜೆ ಸೈನು ಮಾಡುವವರಿದ್ದರು.

ಹನ್ನೊಂದು ಗಂಟೆಗೆ ಟಪಾಲಿನಲ್ಲಿ ಷಡಕ್ಷರಿಯ ಹೆಸರಿಗೆ ಅರ್ಜೆಂಟೀನಾದವರ ದಪ್ಪ ಲಕೋಟೆ ಬಂತು. ಹೆಡ್‌ಕ್ಲರ್ಕ್ ಸದಾಶಿವಯ್ಯ ಕಂಡವರ ಲಕೋಟೆಯನ್ನೂ ತಮ್ಮದೆಂದೇ ಒಡೆಯುವ ಪೈಕಿ. ಒಡೆದು, ಗಟ್ಟಿಯಾಗಿ ಅರ್ಥ ಹೇಳಿದರು: "ತಾವು ಆರು ತಿಂಗಳು ನಮ್ಮ ದೇಶ ಸುತ್ತಲು ಬರುತ್ತಿರುವುದು ತಿಳಿದು ಸಂತೋಷ. ಉತ್ತರಕ್ಕೆ ಕಾಡು, ಸೆಕೆ. ಪಶ್ಚಿಮಕ್ಕೆ ಹಿಮದ ಬೆಟ್ಟ. ದಕ್ಷಿಣದ ತುದಿಗೆ ಪೆಂಗ್ವಿನ್. ತಕ್ಕ ಬಟ್ಟೆ ತನ್ನಿ."

"ಏನ್ರೀ ಷಡಕ್ಷರಿ, ಅರ್ಜೆಂಟೀನಾಕ್ಕೆ ಇಷ್ಟೊಂದು ಅರ್ಜೆಂಟಾ? ಒಂದ್ ಮಾತು ಹೇಳ್ಬಾರ್ದಾ?"

"ಅಯ್ಯೋ ಸಾರ್, ನಾನ್ ಕೇಳಿದ್ದು ಬೈಂಡ್‌ಗೆ..."

"ಸಾಕು ಬಿಡ್ರಿ. ನಮ್ ಕಣ್ ಬೀಳುತ್ತೆ ಅಂತ ಮುಚ್ಚಿಡ್ತೀರಾ?"

ಅಷ್ಟು ಹೊತ್ತಿಗೆ ಕೈ ಇರುವ ಕುರ್ಚಿ ಬಂತು. ಫುಲ್ ಕಾಫಿ ಬಂತು. ಇಷ್ಟು ವರ್ಷ ಬೈಟೂ ಕಾಫಿಯಲ್ಲಿ ಸಣ್ಣ ಪಾಲು ಕುಡಿದವನ ನಾಲಿಗೆ, ಬಿಸಿಗೋ ಖುಷಿಗೋ, ಜಾರಿತು: "ನೋಡೋಣ ಸಾರ್, ಪ್ಲಾನ್ ನಡೀತಿದೆ."

ಟಪಾಲು ಗುಮಾಸ್ತೆ ಗಂಗಾಂಬಿಕೆ ಓಡಿಬಂದಳು. "ಸೆಕೆನೂ ಇದೆ, ಹಿಮಾನೂ ಇದೆಯಂತಲ್ಲಾ. ಮಂಕಿಕ್ಯಾಪೂ ಇಟ್ಕೊಳಿ, ಬೀಸಣಿಗೆನೂ ಇಟ್ಕೊಳಿ. ಚಟ್ನಿಪುಡಿ ನಾನ್ ಕೊಡ್ತೀನಿ."

ಕುದುರೆ ಫಾರಂನಲ್ಲಿ ಹುಲ್ಲು ಹಾಕುವ ಗುಂಡಯ್ಯ ಏನೋ ಅರ್ಜಿ ಕೊಡಲು ಬಂದಿದ್ದವನು ಅರ್ಜಿಯನ್ನೇ ಮರೆತ. "ಸಾ, ಅಲ್ಲಿ ಕುದ್ರೆ ಬಲು ಜೋರಂತೆ. ಬರ್ತಾ ಒಂದ್ ಮರಿ ತರ್ತೀರಾ?"

"ವಿಮಾನದಲ್ಲಾ?"

"ತೊಡೆ ಮ್ಯಾಲ್ ಕೂರಿಸ್ಕಳಿ ಸಾ, ಟಿಕೀಟ್ ಕೇಳಾಕಿಲ್ಲ."

ಊಟದ ಹೊತ್ತಿಗೆ ಷಡಕ್ಷರಿಯೇ ಲಕೋಟೆಯಲ್ಲಿ ಬಂದ ಮ್ಯಾಪಿನ ಮೇಲೆ ಸ್ಕೇಲಿಟ್ಟು, ಯಾವ ವಾರ ಬೆಟ್ಟ, ಯಾವ ವಾರ ಪೆಂಗ್ವಿನ್ ಎಂದು ಪಾಠ ಹೇಳುತ್ತಿದ್ದ. ಅಂಜನಮೂರ್ತಿ ಮಾತ್ರ ತಲೆ ಎತ್ತದೆ ಟಕಟಕ ಟೈಪು ಮಾಡುತ್ತಿದ್ದ.

ನಾಲ್ಕಕ್ಕೆ ಹಾರ ಬಿತ್ತು. ಹಾರದ ಸಮೇತ ಸಾಹೇಬರ ರೂಮಿನಿಂದ ಕರೆ ಬಂತು.

"ಸಂತೋಷ ಕಣ್ರಿ. ಆದ್ರೆ ಆರು ತಿಂಗಳು ತುಮಕೂರಿನ ಸೀಟು ಖಾಲಿ ಬಿಡಕ್ಕಾಗುತ್ತಾ? ಅಂಜನಮೂರ್ತಿಗೆ ಹಾಕ್ಬಿಟ್ಟೆ. ನೀವ್ ಬರೋವರ್ಗೂ ಕುಣಿಗಲ್ ಎಲ್ಲೂ ಓಡೋಗಲ್ಲ."

ಷಡಕ್ಷರಿಗೆ ಪೆಂಗ್ವಿನ್ ಇರುವ ಕಡೆಯ ಗಾಳಿ ಬೀಸಿದಂತಾಯಿತು. "ಸಾರ್, ನಾನೆಲ್ಲೂ ಹೋಗ್ತಿಲ್ಲ! ಪಾಸ್‌ಪೋರ್ಟೇ ಇಲ್ಲ!" ಓಡಿಹೋಗಿ ಅಂಜನಮೂರ್ತಿಯ ಫೈಲಿನಿಂದ ಕಾಗದದ ಕಾರ್ಬನ್ ಕಾಪಿ ಕಿತ್ತು ತಂದ. ಬೈಂಡಿನ ಮಾತೇ ಇರಲಿಲ್ಲ. ಆರು ತಿಂಗಳ ಪ್ರವಾಸಕ್ಕೆ ಪ್ಲಾನು ಬೇಕು ಎಂದಿತ್ತು. "ನೋಡಿ ಸಾರ್, ಅವನೇ ಬರ್ದವ್ನೆ!"

ಸಾಹೇಬರು ಕನ್ನಡಕ ಇಳಿಸಿ ನೋಡಿದರು. "ಸೈನ್ ಯಾರದ್ರೀ ಇದು?"

ಷಡಕ್ಷರಿ ಹೊರಗೆ ಬಂದಾಗ ಅಂಜನಮೂರ್ತಿ ಚೀಲ ಹೆಗಲಿಗೇರಿಸಿ ನಿಂತಿದ್ದ. "ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ನನ್ ಹೆಂಡ್ತಿನೂ ತುಮಕೂರಲ್ಲೇ ಅವ್ಳೆ. ಬಸ್ಸಿಗೆ ಹೊತ್ತಾಯ್ತು, ನನ್ ಕೆಲ್ಸ ವಹಿಸ್ಕೊಡೋ ಚಾರ್ಜ್ ಲಿಸ್ಟ್‌ಗೊಂದು ಸೈನ್ ಹಾಕ್ಬುಡು."

ಕಣ್ಣಲ್ಲಿ ನೀರು ತುಂಬಿ ಷಡಕ್ಷರಿಗೆ ಅಕ್ಷರ ಕಾಣಲಿಲ್ಲ. ಆದರೆ ಇಂಟು ಕಂಡಿತು. ಕೈ ತಾನಾಗಿ ಹೋಯಿತು.

ಬಸ್ಸು ಹೋದ ಮೇಲೆ ಮೂಗೊರೆಸಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಸೈನು ಹಾಕಿದ ಕಾಗದವನ್ನು ಕೊನೆತನಕ ಓದಿದ: "ಮೂಲೆಯ ಕೆಟ್ಟ ಟೈಪ್‌ರೈಟರ್ ಒಂದು, ಅಂಜನಮೂರ್ತಿಯವರ ಎಂಟು ತಿಂಗಳ ಬಾಕಿ ಫೈಲುಗಳು ಪೂರಾ, ವಹಿಸಿಕೊಂಡಿದ್ದೇನೆ. ಭಾನುವಾರವೂ ಬಂದು ಮುಗಿಸಿಕೊಡುತ್ತೇನೆ. ಎಲ್ಲವನ್ನೂ ಓದಿ, ಒಪ್ಪಿ, ಸೈನು ಮಾಡಿದ್ದೇನೆ."