ಮುತ್ತಜ್ಜನ ವಾಕ್ಯಕ್ಕೆ ಪುರಸಭೆ ಸೇರಿಸಿದ ಪದ

ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಈ ಊರಿನಲ್ಲಿ ಮರ್ಯಾದೆಯಿಂದ ಬಾಳಿದೆ. ನಮ್ಮವರು ಯಾರೂ ಸರದಿ ತಪ್ಪಿಸಿ ಮುಂದೆ ನುಗ್ಗಿದವರಲ್ಲ, ಬೀದಿಯಲ್ಲಿ ನಿಂತು ದನಿ ಏರಿಸಿದವರಲ್ಲ. ಪುರಸಭೆಯ ಮೊದಲ ಅಧ್ಯಕ್ಷರು ನನ್ನ ಮುತ್ತಜ್ಜ. ಅಧಿಕಾರ ವಹಿಸಿಕೊಂಡ ದಿನ ಅವರು ಕೈಯಾರೆ ಬರೆದು ಸಹಿ ಮಾಡಿದ ಒಂದು ವಾಕ್ಯ ಅರ್ಜಿ ಕೊಡುವ ಕಿಟಕಿಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಇದೆ: “ದೇವರ ಸಾಕ್ಷಿಯಾಗಿ, ಈ ಕಚೇರಿಯಲ್ಲಿ ಲಂಚ ತಿನ್ನುವುದು ಮಹಾಪಾಪ.”

ಕಳೆದ ವರ್ಷ ಸುತ್ತೋಲೆ ಬಂತು. ಸರ್ಕಾರಿ ಗೋಡೆಯ ಮೇಲೆ ಐತಿಹಾಸಿಕ ದಾಖಲೆ ಇರಬಹುದು, ಧಾರ್ಮಿಕ ವಿಷಯ ಇರಕೂಡದು. ಮುಖ್ಯಾಧಿಕಾರಿಗಳು ಸಭೆ ಕರೆದು, ದೇವರು ಮತ್ತು ಪಾಪ ಧಾರ್ಮಿಕ, ಲಂಚ ಐತಿಹಾಸಿಕ ಎಂದು ತೀರ್ಮಾನಿಸಿದರು. ಧಾರ್ಮಿಕ ಭಾಗಕ್ಕೆ ಬಿಳಿ ಕಾಗದ ಅಂಟಿಸಲಾಯಿತು. ‘ಈ ಕಚೇರಿಯಲ್ಲಿ ಲಂಚ ತಿನ್ನುವುದು’ ಎಂಬಷ್ಟು ಉಳಿಯಿತು.

ನಾನು ಹೋಗಿ ಕೇಳಿದೆ. “ಅರ್ಧ ವಾಕ್ಯದ ಕೆಳಗೆ ನಮ್ಮ ಹಿರಿಯರ ಸಹಿಯೇ? ಕಾನ್ವೆಂಟಿನಲ್ಲಿ ಇಂಥದಕ್ಕೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕೂಡಲೇ ಪೂರ್ತಿ ಮಾಡಿ.”

“‘ತಪ್ಪು’ ಅಂತ ಹಾಕೋಣ್ವಾ ಸಾರ್?” ಎಂದು ಗುಮಾಸ್ತರು ಮುಖ್ಯಾಧಿಕಾರಿಗಳನ್ನು ಕೇಳಿದರು.

“ತಪ್ಪು ಒಪ್ಪು ಅಂದ್ರೆ ಉಪದೇಶ ಆಗುತ್ತೆ ಕಣ್ರೀ,” ಎಂದರು ಅವರು. “ಇಲ್ಲಿ ಏನು ನಡೀತಿದೆಯೋ ಅದನ್ನೇ ಹಾಕಿ. ಸತ್ಯಕ್ಕೆ ಧರ್ಮದ ಹಂಗಿಲ್ಲ.”

ಮರುವಾರ ಚೌಕಟ್ಟಿನಲ್ಲಿ “ಈ ಕಚೇರಿಯಲ್ಲಿ ಲಂಚ ತಿನ್ನುವುದು ಪದ್ದತಿ” ಎಂದಿತ್ತು. ಕೆಳಗೆ ಮುತ್ತಜ್ಜನ ಸಹಿ.

ಮೊನ್ನೆ ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಡಲು ಹೋದೆ. ಗುಮಾಸ್ತರು ಚೌಕಟ್ಟಿನ ಕಡೆ ತೋರಿಸಿ, “ಹಿರಿಯರು ಹಾಕಿದ ಆಲದಮರ ಅಮ್ಮಾ, ನಾವು ನೆರಳಲ್ಲಿ ಕೂತಿದ್ದೀವಿ ಅಷ್ಟೆ,” ಎಂದು ಮೇಜಿನ ಖಾನೆ ಎಳೆದರು.

“ಇದನ್ನು ನಮ್ಮ ಮುತ್ತಜ್ಜ ಬರೆದಿಲ್ಲ.”

ಹಿಂದೆ ನಿಂತಿದ್ದ ದರ್ಜಿ, “ಸಹಿ ಅವರದೇ ಅಲ್ವಾ ಅಮ್ಮಾ? ದೊಡ್ಡವರ ಮಾತನ್ನ ಮನೆಯವರೇ ಮೀರಿದ್ರೆ ನಮ್ಮಂಥವರ ಗತಿ ಏನು? ಬೇಗ ಕೊಡಿ, ಅಂಗಡಿ ತೆರೀಬೇಕು,” ಎಂದ. ಸಾಲಿನಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ಸಹಿ ಅವರದೇ. ನಮ್ಮ ಮನೆಯವರು ಬರೆದುಕೊಟ್ಟ ಮಾತಿಗೆ ತಪ್ಪಿದವರಲ್ಲ. ಕೊಟ್ಟೆ. ನಲ್ಲಿಯಲ್ಲಿ ನೀರು ಬರುತ್ತಿದೆ. ಆ ಬಗ್ಗೆ ದೂರಿಲ್ಲ.

ದೂರಿರುವುದು ಒತ್ತಕ್ಷರದ ಬಗ್ಗೆ. ‘ಪದ್ಧತಿ’ಗೆ ‘ಧ’ ಒತ್ತು ಬರಬೇಕು. ಇವರು ‘ದ’ ಒತ್ತು ಕೊಟ್ಟಿದ್ದಾರೆ. ನನ್ನ ಮುತ್ತಜ್ಜ ಬೇಕಾದರೆ ಪ್ರಾಣ ಬಿಡುತ್ತಿದ್ದರು, ಮಹಾಪ್ರಾಣ ಬಿಡುತ್ತಿರಲಿಲ್ಲ. ಪುರಸಭೆ ಲಿಖಿತವಾಗಿ ಕ್ಷಮೆ ಕೇಳಬೇಕು.