ಖಂಡೇಪೂಜಿ ಮಾಡಿಸ್ಕೊಂಡ ಹಾರ್ಡ್ ಡಿಸ್ಕ್

ಕಂಪ್ಯೂಟರ್ ಕೆಡದ ವಾರ ಅಂತ ನನ್ನ ನೌಕರಿಯೊಳಗ ಒಂದೂ ನೆನಪಿಲ್ರಿ. ಗೋವಾದ ಸಾಂಕೋಲೆಯೊಳಗ ಒಂದು ಫೋಟೋ ಸ್ಟುಡಿಯೋ, ಅಲ್ಲಿ ನಾ ಮದುವಿ ವಿಡಿಯೋ ಜೋಡಿಸ್ತಿದ್ದೆ. ಮಾಲಕ್ರು ನಮ್ಮ ವಿಜಾಪುರ ಕಡಿಯವರು. ವೈರಸ್ ಕಾಟಕ್ಕ ಬ್ಯಾಸತ್ತು, ಕಾಲೇಜಿನ್ಯಾಗ ಕಲಿಸೋ ಒಬ್ಬ ಗೋವಾದ ಸರ್ ಕಡಿಂದ ವಿಂಡೋಸ್ ತಗಸಿ ಲಿನಕ್ಸ್ ಹಾಕಿಸಿದ್ರು. ಐನೂರು ಜಿಬಿ ಹಾರ್ಡ್ ಡಿಸ್ಕ್ ತಂದು, ವರ್ಷದ ಮದುವಿ ಎಲ್ಲಾ ಅದರಾಗ ತುಂಬಿಸಿದ್ರು. ಕ್ಯಾಮೆರಾಕ್ಕ ಟೇಪ್ ಮಾತ್ರ ಒಂದ. ಒಂದು ಮದುವಿ ಡಿಸ್ಕಿಗೆ ಹಾಕಿ, ಅದ ಟೇಪಿನ ಮ್ಯಾಲ ಮುಂದಿನ ಮದುವಿ. “ಇನ್ನ ನಿಶ್ಚಿಂತಿ” ಅಂದ್ರು ಮಾಲಕ್ರು. ಚಿಂತಿ ಎಲ್ಲಾ ನನ್ನ ಪಾಲಿಗೆ ಬಂತು.

೧. ಆಯುಧಕ್ಕ ರಜಾ

ದಸರಾದ ಖಂಡೇಪೂಜಿ, ಅಂದ್ರ ಆಯುಧಪೂಜಿ ದಿನ ನಾ ಇನ್ನೂ ಒಂದು ವಿಡಿಯೋ ಡಿಸ್ಕಿಗೆ ಬರಸಾಕತ್ತಿದ್ದೆ. ಕೆಂಪು ದೀಪ ಮಿಣಮಿಣ ಅನ್ನಾಕತ್ತಿತ್ತು. ಮಾಲಕ್ರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೂವಿನ ಹಾರ ಹಿಡಕೊಂಡು ಬಂದ್ರು. ನಮ್ಮ ಕಡೆ ಆವತ್ತು ಆಯುಧ ಮುಟ್ಟಂಗಿಲ್ಲ. ಗೌಂಡಿ ಕರಣಿ ಮುಟ್ಟಂಗಿಲ್ಲ, ಕ್ಷೌರಿಕ ಕತ್ತರಿ ಮುಟ್ಟಂಗಿಲ್ಲ.

“ತಡೀರಿ, ಸರಿಯಾಗಿ ಬಂದ್ ಮಾಡ್ತೇನಿ, ಎರಡ ನಿಮಿಷ” ಅಂದೆ.

“ದೇವರಿಗೆ ತಡಿ ಅಂತಿಯೇನೋ?” ಅಂತ ಅಂದವರ ಪ್ಲಗ್ ಕಿತ್ತರು. ಕಿತ್ತು, ಅದಕ್ಕೂ ಕುಂಕುಮ ಹಚ್ಚಿದ್ರು.

೨. ಹೌದು, ಹೌದು, ಹೌದು

ಮರುದಿನ ಮುಂಜಾನೆ ಚಾಲೂ ಮಾಡಿದ್ರ ಕರೀ ಪರದಿ ಮ್ಯಾಲ ಬಿಳಿ ಅಕ್ಷರ. ಡಿಸ್ಕಿನ್ಯಾಗ ತಪ್ಪು ಅದಾವು, ನೀನ ಕುಂತು ಸರಿ ಮಾಡು, ಅಂತ ಅದರ ಅರ್ಥ. ಸರ್‌ಗೆ ಫೋನ್ ಹಚ್ಚಿದೆ. “ಫೈಲ್‌ಸಿಸ್ಟಮ್ ಚೆಕ್ ಹಚ್ಚು. ತಪ್ಪು ಸಿಕ್ಕಾಗೊಮ್ಮೆ ಸರಿ ಮಾಡ್ಲ್ಯಾ ಅಂತ ಕೇಳ್ತೈತಿ, ಹೌದು ಅನ್ನಾಕ ವಾಯ್ ಒತ್ತು” ಅಂದ್ರು.

ಒತ್ತಿದೆ. ಮತ್ತ ಕೇಳ್ತು. ಮತ್ತ ಒತ್ತಿದೆ. ಮಧ್ಯಾಹ್ನದ ಊಟದ ಹೊತ್ತಾದರೂ ಅದು ಕೇಳೋದು ಬಿಡಲಿಲ್ಲ, ನನ್ನ ಬಳ್ಳು ಜೋಮು ಹಿಡೀತು. ಬಾಜೂಕ ಕುಂತ ಮಾಲಕ್ರು, “ಎಲ್ಲಾದಕ್ಕೂ ಹೌದು ಅಂದ್ರ ಸಲಗಿ ಆಕ್ಕತಿ. ಒಂದಕ್ಕರೆ ಇಲ್ಲ ಅನ್ನು” ಅಂದ್ರು.

ಸಂಜಿಮುಂದ ಮತ್ತ ಫೋನ್ ಮಾಡಿದೆ. ಸರ್ ಶಾಂತ ಹೇಳಿದ್ರು: “ಮೊದಲ ಆಜ್ಞಾದಾಗ ಒಂದು ವಾಯ್ ಸೇರಿಸಿದ್ರ ಎಲ್ಲಾದಕ್ಕೂ ಅದ ಹೌದು ಅಂತಿತ್ತು.”

“ಮುಂಜಾನೇನ ಹೇಳಬಾರದೇನ್ರಿ?”

ಗೋವಾದ ಮಂದಿ ಧಣಿಗೆ ಅನ್ನೂವಂಗ ಅಂದ್ರು: “ನೀ ಕೇಳ್ಲೇ ಇಲ್ಲ, ಪಾತ್ರಾಂವ್.”

೩. ಬಣ್ಣದ ಕೆಲಸ

ಆ ಡಿಸ್ಕಿನ್ಯಾಗ ಒಬ್ಬ ಗಿರಾಕಿ ಹೆಣ್ಮಗಳ ಮಗಳ ಮದುವಿ ಇತ್ತು. ಆಕಿಗೆ ನಾವು ಅಕ್ಕ ಅಂತಿದ್ವಿ, ಬಿಲ್ಡಿಂಗ್ ಕೆಲಸದಾಕಿ. ಮೇ ತಿಂಗಳ ಮದುವಿ ವಿಡಿಯೋ ದಸರಾಕ್ಕ ಕೊಟ್ರ ನಮ್ಮ ಮಾಲಕರ ಲೆಕ್ಕದಾಗ ಲಗೂನ ಕೊಟ್ಟಂಗ. ದಿನಾ ಊಟದ ಬಿಡುವಿನ್ಯಾಗ, ಕೈಗೆ ಸಿಮೆಂಟ್ ಹತ್ತಿದ್ದಂಗ ಬಂದು ಸ್ಟೂಲ್ ಮ್ಯಾಲ ಕುಂದರತಿದ್ಲು.

“ಮದುವಿ ಆಗಿ ತಿಂಗಳಿಗೆ ನಮ್ಮ ಮಾವ ತೀರಕೊಂಡ್ರು” ಅಂದ್ಲು ಒಂದಿನ. “ಅವರು ಮಾತಾಡೋದು, ನಡ್ಯಾಡೋದು ಇದರಾಗ ಬಿಟ್ರ ಎಲ್ಲೂ ಇಲ್ರಿ. ಸಕ್ಕರಿ ಬ್ಯಾನಿ ಇತ್ತು. ಮೊಮ್ಮಗಳ ಮದುವ್ಯಾಗ ಒಂದ ಹೋಳಿಗಿ ಕೊಡವ್ವ ಅಂದ್ರು, ನಾ ಬ್ಯಾಡ ಅಂದೆ. ಕೊಟ್ಟಿದ್ರ ಏನಾಕ್ಕಿತ್ತು?”

ಡಿಸ್ಕಿನ್ಯಾಗ ಏನ್ ಉಳದೈತಿ ಅನ್ನೋದು ನನಗ ಇನ್ನೂ ಗೊತ್ತಿರಲಿಲ್ಲ. ಮಾಲಕ್ರು ಮಾತ್ರ ಎಂಟು ದಿನಾನೂ ಒಂದ ಉತ್ತರ ಕೊಟ್ರು: “ಬಣ್ಣಾ ಹಚ್ಚಾಕತ್ತೇವಿ, ಅಕ್ಕಾರ.”

ಒಂಬತ್ತನೇ ದಿನ ಅಕ್ಕ ಎದ್ದು ನಿಂತು, “ಏಳು ಮಾಳಿಗಿ ಬಿಲ್ಡಿಂಗಿಗೂ ಇಷ್ಟು ದಿನಾ ಬಣ್ಣಾ ಹಚ್ಚಂಗಿಲ್ರಿ” ಅಂದ್ಲು.

೪. ಕಳದು ಸಿಕ್ಕಿದ್ದು

ಚೆಕ್ ಮುಗದ ಮ್ಯಾಲ ಲಿನಕ್ಸ್, ಹೆಸರು ಕಳಕೊಂಡ ಫೈಲ್ ಎಲ್ಲಾ ‘ಲಾಸ್ಟ್ ಅಂಡ್ ಫೌಂಡ್’ ಅನ್ನೋ ಒಂದು ಫೋಲ್ಡರಿನ್ಯಾಗ ತಂದು ಸುರುವಿತ್ತು. ಯಾರ ಮದುವಿ ಯಾವುದು ಅಂತ ಬರದಿಲ್ಲ, ಬರೇ ನಂಬರ್. ಒಂದೊಂದ ತಗದು ನೋಡಾಕ ಒಂಬತ್ತು ದಿನಾ ಹಿಡೀತು. ಒಬ್ಬರ ಅರಿಶಿಣ, ಇನ್ನೊಬ್ಬರ ಅಕ್ಕಿಕಾಳು, ಯಾರದೋ ಬೀಗರ ಜಗಳ. ಭಟ್ಟರು ಹೇಳಿದ ಹೆಸರು ಕೇಳಿ ಅಕ್ಕನ ಮಗಳ ತಾಳಿ ಕಟ್ಟೋದು ಗುರ್ತು ಸಿಕ್ತು, ಚಿತ್ರ ನೋಡಿದ್ರ ಬರೇ ಹಸರು ಚೌಕ. ಮದುಮಗ ಇಲ್ಲ, ಮದುಮಗಳೂ ಇಲ್ಲ. ನಾ ತಲಿ ಹಿಡಕೊಂಡು ಕುಂತೆ. ನೆಟ್ಟಗ ಸಿಕ್ಕದ್ದು ಊಟದ ಪಂಕ್ತಿ ಒಂದ.

ಅಕ್ಕನ್ನ ಕರದು ಖರೇ ಹೇಳಿದೆ. “ತಾಳಿ ಕಟ್ಟಿದ್ದು ಹೋತ್ರಿ.”

ಆಕಿ ಸ್ಟೂಲ್ ಮುಂದ ಎಳಕೊಂಡು, “ತಾಳಿ ಮಗಳ ಕೊಳ್ಳಾಗ ಐತಲ್ರಿ” ಅಂದ್ಲು. “ಮಾವ ಅದಾರೇನ್ ನೋಡ್ರಿ.”

ಇದ್ರು. ಪಂಕ್ತಿಯ ಕಡೀ ಎಲಿಗೆ, ಹಳದಿ ರುಮಾಲ ಸುತ್ತಿದ ಮುದುಕ. ಆ ಕಡಿ ನೋಡಿದ್ರು, ಈ ಕಡಿ ನೋಡಿದ್ರು, ಬಡಸಾಂವನ್ನ ಕಣ್ಣಲೇ ಕರದ್ರು. ಎಲಿಗೆ ಹೋಳಿಗಿ ಬಿತ್ತು. ಮತ್ತೊಂದು ಬಿತ್ತು. ಅಕ್ಕ ಪರದಿಗೆ ಬಳ್ಳು ಹಚ್ಚಿ ಎಣಸಾಕ ಹತ್ತಿದ್ಲು. ಏಳಕ್ಕ ನಿಂತ್ಲು. ಮುದುಕ ಖಾಲಿ ತುಪ್ಪದ ವಾಟಗಾ ಬಡಸಾಂವನ ಮುಂದ ಹಿಡದು ಏನೋ ತಕರಾರು ತಗದಿದ್ರು.

ಅಕ್ಕ ಸೆರಗು ಬಾಯಿಗೆ ಒತ್ತಿ ನಕ್ಕಳು, ನಗತ ನಗತ ಕಣ್ಣೀರು ಸುರಸಿದ್ಲು.

“ನಾಕು ತಿಂಗಳಿಂದ ಆ ಒಂದು ಹೋಳಿಗಿ ನೆನಸಿ ಅಳಾಕತ್ತೇನ್ರಿ” ಅಂದ್ಲು. “ಈ ಮುದುಕ ನೋಡಿದ್ರ ಏಳು ತಿಂದು, ತುಪ್ಪಾ ಕಡಿಮಿ ಆತು ಅನ್ನಾಕತ್ತಾನ.”